ಹಳೇ ಊರಲ್ಲಿ ಘೋಸ್ಟ್ ವಾಕ್ ನಡೆಸುವುದು ಹೇಗೆ? ಮೊದಲ ಕಥೆಯಿಂದ ಕೊನೆಯ ತಲೆಎಣಿಕೆವರೆಗೆ ಸಮಗ್ರ ಮಾರ್ಗದರ್ಶಿ

ನಾನು ನಡೆಸಿದ ಮೊದಲ ಘೋಸ್ಟ್ ವಾಕ್‌ನಲ್ಲಿ ಯಾರೂ ಹೆದರಲಿಲ್ಲ. ಕೊನೆಯ ಕಥೆಗೆ ಅಂತಲೇ ಒಂದು ಹಳೇ ಅಂಗಳವನ್ನು ಕಾಯ್ದಿಟ್ಟಿದ್ದೆ. ಎಲ್ಲರನ್ನೂ ಒಳಗೆ ಕರೆದು, ದನಿ ತಗ್ಗಿಸಿ, ಕಥೆಯ ಕೊನೇ ಮಾತಿಗೆ ಬಂದು ಒಂದು ಹೆಜ್ಜೆ ಮುಂದಿಟ್ಟೆ ನೋಡಿ, ಗೋಡೆ ಮೇಲಿದ್ದ ಸೆನ್ಸರ್ ಲೈಟು ಪಕ್ಕನೆ ಹೊತ್ತಿಕೊಂಡಿತು. ಹದಿನಾಲ್ಕು ಮುಖಗಳೂ ಹಗಲಿನ ಹಾಗೆ ಕಂಡವು. ಅದರಲ್ಲಿ ಒಬ್ಬರು ಆಕಳಿಸುತ್ತಿದ್ದರು. ಆ ಅಂಗಳಕ್ಕೆ ನಾನು ಅದಕ್ಕೂ ಮೊದಲು ಐದಾರು ಸಲ ಹೋಗಿದ್ದೆ. ಆದರೆ ಎಲ್ಲಾ ಸಲವೂ ಮಧ್ಯಾಹ್ನ!

ಆಮೇಲೆ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೇ ಊರೊಂದರಲ್ಲಿ ರಾತ್ರಿ ಹೊತ್ತು ಜನರನ್ನು ಕಟ್ಟಿಕೊಂಡು ಓಡಾಡಿ ದೆವ್ವದ ಕಥೆ ಹೇಳಬೇಕು ಅಂತ ಆಸೆ ಇರುವವರಿಗೆ ಇದು. ದೆವ್ವ ಇದೆಯಾ ಇಲ್ಲವಾ ಅನ್ನುವ ಜಗಳ ಇಲ್ಲಿಲ್ಲ, ಅದನ್ನು ತೀರ್ಮಾನಿಸುವುದು ಗೈಡ್ ಕೆಲಸವೂ ಅಲ್ಲ. ಈ ಕಲ್ಲಿನ ಮೇಲೆ, ಈ ಬಾಗಿಲ ಹಿಂದೆ ನಿಜಕ್ಕೂ ಏನು ನಡೆಯಿತು ಅಂತ ತಿಳಿದುಕೊಂಡು ಹೇಳುವುದು ನಮ್ಮ ಕೆಲಸ. ಅಷ್ಟನ್ನು ಸರಿಯಾಗಿ ಮಾಡಿದರೆ ಕೇಳುವವರ ತಲೆಯೊಳಗೆ ದೆವ್ವ ತಾನಾಗೇ ಬಂದು ಕೂರುತ್ತದೆ. ದೆವ್ವದಿಂದಲೇ ಶುರು ಮಾಡಿದರೆ ಆಕಳಿಕೆ ಗ್ಯಾರಂಟಿ.

1. ಮೊದಲು ಬೇರೆಯವರ ವಾಕ್‌ಗೆ ಹೋಗಿ

ಒಂದಲ್ಲ, ನಾಲ್ಕಾದರೂ ನೋಡಿ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1973ರಿಂದ ಘೋಸ್ಟ್ ವಾಕ್ ನಡೆಯುತ್ತಿದೆ, ಜಗತ್ತಿನಲ್ಲೇ ಮೊದಲನೆಯದು ನಮ್ಮದು ಅಂತ ನಡೆಸುವವರು ಹೇಳಿಕೊಳ್ಳುತ್ತಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಂತೂ ಸಂಜೆಯಾದರೆ ಕಪ್ಪು ಕೋಟಿನ ಗೈಡ್‌ಗಳು ಒಬ್ಬರ ಹಿಂದೊಬ್ಬರು. ಕೆಲವರು ನಗಿಸುತ್ತಾರೆ, ಕೆಲವರು ಇತಿಹಾಸದ ಪಾಠ ಮಾಡುತ್ತಾರೆ, ಕೆಲವರು ಬರೀ ಕಿರುಚಿಸುತ್ತಾರೆ. ವೇಷ ಹಾಕಿಕೊಂಡು ಮೂಲೆಯಿಂದ ಮೈಮೇಲೆ ಹಾರಿ ಬರುವವನಿಗೆ ಅಲ್ಲಿ ‘ಜಂಪರ್ ಊಟರ್’ ಅಂತ ಹೆಸರೇ ಇದೆ.

ಹೋದಾಗ ಗೈಡನ್ನು ನೋಡಬೇಡಿ, ಗುಂಪನ್ನು ನೋಡಿ. ಯಾವಾಗ ಜನ ಮೊಬೈಲ್ ತೆಗೆದರು? ಯಾವಾಗ ಹಿಂದಿನವರು ಪಿಸುಗುಟ್ಟಿಕೊಂಡು ನಕ್ಕರು? ಯಾವಾಗ ಯಾರೂ ಹೇಳದೆಯೇ ಎಲ್ಲರೂ ಅರ್ಧ ಹೆಜ್ಜೆ ಹತ್ತಿರ ಬಂದರು? ಈ ಮೂರನೆಯದು ಆದ ಜಾಗ, ಆಗ ಗೈಡ್ ಆಡುತ್ತಿದ್ದ ಮಾತು, ಎರಡನ್ನೂ ಮನೆಗೆ ಬಂದು ಬರೆದಿಡಿ. ಕಥೆಯನ್ನು ಮಾತ್ರ ಕದಿಯಬೇಡಿ. ಕದ್ದ ಕಥೆಯಲ್ಲಿರುವ ತಪ್ಪೂ ಜೊತೆಗೇ ಬರುತ್ತದೆ, ಆ ವಿಷಯ ಈಗ ಹೇಳುತ್ತೇನೆ.

2. ಕಥೆ ಹುಡುಕಿ, ಹುಡುಕಿದ್ದನ್ನು ತಟ್ಟಿ ನೋಡಿ

ಇದು ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುವ ಕೆಲಸ. ಒಂದೂವರೆ ಗಂಟೆಯ ವಾಕ್‌ಗೆ ನನಗೆ ಎರಡು ತಿಂಗಳು ಬೇಕಾಗುತ್ತದೆ. ಹಳೇ ನಕ್ಷೆಗಳು, ಕೋರ್ಟಿನ ದಾಖಲೆ, ಪುರಸಭೆಯ ನಡಾವಳಿ ಪುಸ್ತಕ, ಸ್ಮಶಾನದ ರಿಜಿಸ್ಟರು, ಹಳೇ ಪತ್ರಿಕೆಗಳು, ಸಿಕ್ಕಿದ್ದನ್ನೆಲ್ಲ ನೋಡಿ. ದೊಡ್ಡ ಗ್ರಂಥಾಲಯಗಳಲ್ಲಿ ಸ್ಥಳೀಯ ಇತಿಹಾಸಕ್ಕೆ ಅಂತಲೇ ಒಂದು ಮೂಲೆ ಇರುತ್ತದೆ, ಅಲ್ಲಿ ಕೂರುವವರ ಸ್ನೇಹ ಮಾಡಿಕೊಳ್ಳಿ.

ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ದಾಖಲೆ ಹೇಳುವುದು. ಎರಡನೆಯದರಲ್ಲಿ ಜನ ಹೇಳುವುದು. ಮೂರನೆಯದರಲ್ಲಿ ನೀವೇ ಸೇರಿಸಿದ್ದು. ಮೂರನೇ ಭಾಗ ಖಾಲಿ ಇದ್ದಷ್ಟೂ ಒಳ್ಳೆಯದು. ಹೇಳುವಾಗಲೂ ಈ ಗೆರೆ ಕೇಳಿಸಬೇಕು: ದಾಖಲೆಯದ್ದಾದರೆ ‘ನಡೆಯಿತು’, ಜನರದ್ದಾದರೆ ‘ನಡೆಯಿತಂತೆ’. ನಮ್ಮ ಭಾಷೆಯಲ್ಲಿ ಈ ‘ಅಂತೆ’ ಎನ್ನುವ ಎರಡಕ್ಷರ ಇರುವುದು ನಮ್ಮ ಪುಣ್ಯ. ಅದನ್ನು ಹಾಕಿದರೆ ಕಥೆಯ ಬಿಸಿ ಆರುತ್ತದೆ ಅಂತ ಕೆಲವರಿಗೆ ಭಯ. ಸುಮ್ನೆ. ‘ಆ ಕಿಟಕಿ ಹತ್ತಿರ ಈಗಲೂ ಯಾರೋ ನಿಂತಿರುತ್ತಾರಂತೆ’ ಎನ್ನುವುದು ‘ನಿಂತಿರುತ್ತಾರೆ’ ಎನ್ನುವುದಕ್ಕಿಂತ ಜಾಸ್ತಿ ನಡುಗಿಸುತ್ತದೆ.

ತಟ್ಟಿ ನೋಡುವುದು ಅಂದೆನಲ್ಲ, ಒಂದು ಉದಾಹರಣೆ. ಯಾರ್ಕ್‌ನಲ್ಲಿ ಕ್ಲಿಫರ್ಡ್ಸ್ ಟವರ್ ಅಂತ ದಿಬ್ಬದ ಮೇಲೊಂದು ಕಲ್ಲಿನ ಗೋಪುರ ಇದೆ. 1190ರಲ್ಲಿ ಊರಿನ ಯಹೂದಿಗಳು, ಸುಮಾರು 150 ಜನ, ದೊಂಬಿಗೆ ಹೆದರಿ ಅಲ್ಲಿನ ಕೋಟೆಯೊಳಗೆ ಸೇರಿಕೊಂಡರು. ಹೊರಗೆ ಬಂದರೆ ಕೊಲ್ಲುತ್ತಾರೆ ಅಂತ ಹೆಚ್ಚಿನವರು ಒಳಗೇ ಪ್ರಾಣ ಬಿಟ್ಟರು, ಗೋಪುರಕ್ಕೆ ಬೆಂಕಿ ಬಿತ್ತು. ಆ ರಕ್ತದಿಂದಲೇ ಗೋಪುರದ ಕಲ್ಲು ಇವತ್ತಿಗೂ ಕೆಂಪಗಾಗುತ್ತದೆ ಅನ್ನುವುದು ದೆವ್ವದ ಕಥೆ. ಈಗ ತಟ್ಟಿ ನೋಡಿ. 1190ರಲ್ಲಿ ಅಲ್ಲಿದ್ದದ್ದು ಮರದ ಗೋಪುರ. ಅದು ಸುಟ್ಟುಹೋಯಿತು. ಈಗಿನ ಕಲ್ಲಿನ ಗೋಪುರ ಕಟ್ಟಿದ್ದು 13ನೇ ಶತಮಾನದಲ್ಲಿ. ಆ ರಾತ್ರಿ ಈ ಗೋಡೆ ಇರಲೇ ಇಲ್ಲ, ಅಲ್ವಾ? ಕೆಂಪು ಕಲ್ಲಿನ ಕಥೆ ಹೇಳಿ ಮುಗಿಸುವ ಗೈಡ್ ಗುಂಪಿನಲ್ಲಿರುವ ಒಬ್ಬ ತಿಳಿದವರ ಎದುರು ಸಿಕ್ಕಿಬೀಳುತ್ತಾನೆ. ಅದಕ್ಕಿಂತ ಕೆಟ್ಟದ್ದು, ನಿಜವಾಗಿ ಸತ್ತ ಜನರ ಕಥೆಯನ್ನು ಒಂದು ಬಣ್ಣದ ಕಥೆ ಮಾಡಿಬಿಡುತ್ತಾನೆ.

ಎಡಿನ್‌ಬರೋದ ಮೇರಿ ಕಿಂಗ್ಸ್ ಕ್ಲೋಸ್ ಇನ್ನೊಂದು. ಇದು ಈಗ ನೆಲದಡಿಯಲ್ಲಿರುವ ಒಂದು ಓಣಿ. 1645ರಲ್ಲಿ ಪ್ಲೇಗ್ ಬಂದಾಗ ರೋಗಿಗಳನ್ನು ಒಳಗಿಟ್ಟು ಜೀವಂತ ಗೋಡೆ ಕಟ್ಟಿದರು ಅಂತ ಬಹಳ ಕಾಲ ಹೇಳುತ್ತಿದ್ದರು. ಹಾಗಾಗಲಿಲ್ಲ. ಓಣಿ ನೆಲದಡಿಗೆ ಹೋಗಿದ್ದು ನೂರು ವರ್ಷದ ಮೇಲೆ, 1753ರಲ್ಲಿ ಹಳೇ ಮನೆಗಳ ಮೇಲಿನ ಮಹಡಿಗಳನ್ನು ಕೆಡವಿ, ಕೆಳಗಿನದನ್ನೇ ಅಡಿಪಾಯ ಮಾಡಿಕೊಂಡು ದೊಡ್ಡ ಕಟ್ಟಡ ಏರಿಸಿದಾಗ. ‘ಅಯ್ಯೋ, ಹಾಗಾದರೆ ಕಥೆಯೇ ಹೋಯಿತು’ ಅನಿಸುತ್ತದಾ? ಇದನ್ನು ಕೇಳಿ. ಆ ಪ್ಲೇಗ್‌ಗೆ ಪುರಸಭೆ ನೇಮಿಸಿದ ಮೊದಲ ವೈದ್ಯ ತಾನೇ ಪ್ಲೇಗ್ ಬಂದು ಸತ್ತ. ಎರಡನೆಯವನು ಜಾರ್ಜ್ ರೇ. ಮೈತುಂಬ ಚರ್ಮದ ಉಡುಪು, ಮುಖಕ್ಕೆ ಹಕ್ಕಿಯ ಕೊಕ್ಕಿನಂಥ ಮುಖವಾಡ ಅಂತ ಅವನನ್ನು ವರ್ಣಿಸುತ್ತಾರೆ. ಅವನಿಗೆ ಪುರಸಭೆ ಭಾರೀ ಸಂಬಳ ಒಪ್ಪಿಕೊಂಡಿತು. ಹೇಗಿದ್ದರೂ ಇವನೂ ಬದುಕುವುದಿಲ್ಲ ಅನ್ನುವುದು ಅವರ ಲೆಕ್ಕ ಅಂತ ಹೇಳುತ್ತಾರೆ. ಅವನು ಬದುಕಿಬಿಟ್ಟ! ಆಮೇಲೆ ವರ್ಷಗಟ್ಟಲೆ ಬಾಕಿ ಸಂಬಳಕ್ಕೆ ಅಲೆದ. ಕೊಕ್ಕಿನ ಮುಖವಾಡದ ಮನುಷ್ಯ ಕತ್ತಲ ಓಣಿಯಲ್ಲಿ ಬಾಗಿಲು ತಟ್ಟುತ್ತಿರುವುದನ್ನು ಕಣ್ಮುಂದೆ ತಂದುಕೊಳ್ಳಿ. ಬಿಲ್ ಕೈಯಲ್ಲಿ ಹಿಡಿದುಕೊಂಡೇ ತಟ್ಟುತ್ತಿದ್ದಾನೆ ಅಂದುಕೊಂಡರೂ ನನಗೆ ಅಡ್ಡಿಯಿಲ್ಲ.

3. ಯಾವುದನ್ನು ಹೇಳಬಾರದು

ಸತ್ತವರ ಮಕ್ಕಳು ಮೊಮ್ಮಕ್ಕಳು ಅದೇ ಬೀದಿಯಲ್ಲಿ ಇರುವಷ್ಟು ಹೊಸ ಸಾವುಗಳನ್ನು ಮುಟ್ಟಬೇಡಿ. ನಾನು ಇಟ್ಟುಕೊಂಡಿರುವ ಗಡಿ ನೂರು ವರ್ಷ. ನಿಮ್ಮದು ಬೇರೆ ಇರಬಹುದು, ಆದರೆ ಒಂದು ಗಡಿ ಇರಲಿ.

ಹಳೆಯದಾದ ಮಾತ್ರಕ್ಕೆ ಎಲ್ಲವೂ ಮೋಜಿನ ವಸ್ತುವೂ ಅಲ್ಲ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1888ರ ಕೊಲೆಗಳ ಜಾಡು ಹಿಡಿದು ದಿನಾ ವಾಕ್ ನಡೆಯುತ್ತದೆ. ಕೊಂದವನ ‘ಜ್ಯಾಕ್ ದಿ ರಿಪ್ಪರ್’ ಎಂಬ ಅಡ್ಡಹೆಸರು ಲೋಕಕ್ಕೆಲ್ಲ ಗೊತ್ತು. ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ ಎಂಬ ಐದು ಹೆಂಗಸರ ಹೆಸರು ಎಷ್ಟು ಜನರಿಗೆ ಗೊತ್ತು? ಗಾಯಗಳನ್ನು ಎಣಿಸುವ ಬದಲು ಅವರಲ್ಲಿ ಕೆಲವರು ರಾತ್ರಿ ಮಲಗಲು ಜಾಗ ಹುಡುಕಿಕೊಂಡು ಯಾಕೆ ಬೀದಿಯಲ್ಲಿದ್ದರು ಅಂತ ಹೇಳಿದರೆ ಕಥೆ ಪೂರಾ ಬದಲಾಗುತ್ತದೆ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ರಾಯಲ್ ಸ್ಟ್ರೀಟಿನ ಲಾಲೌರಿ ಮನೆಯದ್ದೂ ಅದೇ ಪಾಡು. 1834ರ ಏಪ್ರಿಲ್ 10ರಂದು ಅಲ್ಲಿ ಬೆಂಕಿ ಬಿದ್ದಾಗ, ಬಿಡಿಸಲು ನುಗ್ಗಿದವರಿಗೆ ಸರಪಳಿ ಬಿಗಿದ, ಹಿಂಸೆಗೊಳಗಾದ ಗುಲಾಮರು ಕಂಡರು. ಅದಷ್ಟು ಸತ್ಯ, ಅದೇ ಸಾಕಷ್ಟು ಭಯಂಕರ. ಆಮೇಲಿನ ಕಥೆಗಾರರು ಅದರ ಮೇಲೆ ಇನ್ನೂ ಇನ್ನೂ ರಕ್ತ ಸುರಿದರು. ಜನ ಇವತ್ತು ಫೋಟೋ ತೆಗೆಯುವ ಕಟ್ಟಡವೂ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ಇಂಥ ಜಾಗದಲ್ಲಿ ದನಿ ಏರಿಸಬೇಡಿ, ಯಾರನ್ನೂ ಬೆಚ್ಚಿಬೀಳಿಸಬೇಡಿ. ಹೇಳಿ, ಒಂದು ನಿಮಿಷ ಸುಮ್ಮನಿದ್ದು, ಮುಂದೆ ನಡೆಯಿರಿ.

4. ದಾರಿ ಹಾಕುವುದು

ನನ್ನ ಅಳತೆ ಹೀಗಿದೆ: ಒಂದೂವರೆ ಕಿಲೋಮೀಟರ್ ದಾರಿ, ಏಳೆಂಟು ಸ್ಟಾಪ್, ಒಟ್ಟು 75ರಿಂದ 90 ನಿಮಿಷ. ಒಂದೊಂದು ಸ್ಟಾಪ್‌ನಲ್ಲಿ ಐದರಿಂದ ಏಳು ನಿಮಿಷ. ಒಂದು ಸ್ಟಾಪ್‌ನಿಂದ ಇನ್ನೊಂದಕ್ಕೆ ಮೂರು ನಾಲ್ಕು ನಿಮಿಷದ ನಡಿಗೆ. ಇದಕ್ಕಿಂತ ಕಡಿಮೆ ನಡೆಸಿದರೆ ಜನರಿಗೆ ಮಾತಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ಜಾಸ್ತಿ ನಡೆಸಿದರೆ ಕಟ್ಟಿದ ಬಿಗಿ ಸಡಿಲವಾಗುತ್ತದೆ. ಒಬ್ಬರೇ ಹತ್ತು ನಿಮಿಷದಲ್ಲಿ ನಡೆಯುವ ದಾರಿಗೆ ಹದಿನೈದು ಜನರ ಗುಂಪಿಗೆ ಹದಿನೈದು ನಿಮಿಷ ಬೇಕು. ರಸ್ತೆ ದಾಟುವುದಿದ್ದರೆ ಇನ್ನೂ ಜಾಸ್ತಿ.

ಬೆಳಕಿರುವ ಗಲಾಟೆಯ ಜಾಗದಲ್ಲಿ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಕತ್ತಲಿಗೆ, ಕಿರಿದಾದ ಓಣಿಗೆ ಇಳಿಸಿ. ಇದು ಬರೀ ನಾಟಕದ ಲೆಕ್ಕವಲ್ಲ. ನಮ್ಮ ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ನಾಲ್ಕನೇ ಸ್ಟಾಪ್ ಹೊತ್ತಿಗೆ ಜನರಿಗೆ ಮೊದಲು ಕಾಣದಿದ್ದ ಮೂಲೆಗಳು ಕಾಣತೊಡಗುತ್ತವೆ.

ಎಂಥ ಜಾಗ ಆರಿಸಬೇಕು ಅನ್ನುವುದಕ್ಕೆ ಒಂದು ಒಳ್ಳೇ ಪ್ರಯೋಗ ಇದೆ. ಎಡಿನ್‌ಬರೋದ ಸೌತ್ ಬ್ರಿಡ್ಜ್ 1788ರಲ್ಲಿ ಮುಗಿದ ಸೇತುವೆ. ಅದಕ್ಕೆ 19 ಕಮಾನು, ಹೊರಗೆ ಕಾಣುವುದು ಒಂದೇ. ಉಳಿದವುಗಳ ಸುತ್ತ ಮನೆಗಳು ಎದ್ದು, ಕಮಾನಿನೊಳಗೆ ಕತ್ತಲ ಕೋಣೆಗಳಾದವು. 2001ರಲ್ಲಿ ರಿಚರ್ಡ್ ವೈಸ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ತಂಡ 200ಕ್ಕೂ ಹೆಚ್ಚು ಜನರನ್ನು ಅಲ್ಲಿನ ಹತ್ತು ಕೋಣೆಗಳಿಗೆ ಕಳಿಸಿ ಏನನಿಸಿತು ಅಂತ ಬರೆಸಿಕೊಂಡಿತು. ಯಾವ ಕೋಣೆಗೆ ದೆವ್ವದ ಹೆಸರಿದೆ ಅಂತ ಗೊತ್ತಿಲ್ಲದವರೂ ಅಂಥ ಕೋಣೆಗಳಲ್ಲೇ ಹೆಚ್ಚು ವಿಚಿತ್ರ ಅನುಭವ ಹೇಳಿದರು. ಹಾಗಂತ ಅಲ್ಲಿ ದೆವ್ವ ಇದೆ ಎಂದಲ್ಲ. ಕೋಣೆಯ ಅಗಲ, ಎತ್ತರ, ಒಳಗೆ ಕಾಲಿಡುವ ಮೊದಲು ಹೊರಗಿರುವ ಬೆಳಕು, ಇಂಥವುಗಳಿಗೂ ಆ ಅನುಭವಕ್ಕೂ ನಂಟು ಕಂಡಿತು. ದಾರಿ ಹಾಕುವವರಿಗೆ ಇದು ಚಿನ್ನದಂಥ ಮಾಹಿತಿ. ಕಥೆ ಚೆನ್ನಾಗಿದ್ದು ಜಾಗ ಸಪ್ಪೆಯಾಗಿದ್ದರೆ, ಆ ಕಥೆಯನ್ನು ನಡೆಯುವಾಗ ಹೇಳಿ ಮುಗಿಸಿ. ಜಾಗ ಮೈ ಜುಮ್ಮೆನ್ನಿಸುತ್ತದೆ, ಕಥೆ ಮಾತ್ರ ಸಣ್ಣದು ಅಂದರೆ, ಅಲ್ಲೇ ನಿಲ್ಲಿಸಿ.

ದಾರಿ ಹಾಕಿದ ಮೇಲೆ ಮೂರು ಸಲ ನಡೆಯಿರಿ. ಒಮ್ಮೆ ಹಗಲು, ಮೆಟ್ಟಿಲು ಗುಂಡಿ ನೋಡಿಕೊಳ್ಳಲು. ಒಮ್ಮೆ ವಾಕ್ ನಡೆಯುವ ದಿನ, ಅದೇ ಹೊತ್ತಿಗೆ. ಇನ್ನೊಮ್ಮೆ ವಾರಾಂತ್ಯದ ರಾತ್ರಿ. ಸೆನ್ಸರ್ ಲೈಟು, ಗಂಟೆ ಹೊಡೆಯುವ ಗಡಿಯಾರ, ಹೊತ್ತಾದರೆ ಬೀಗ ಬೀಳುವ ಗೇಟು, ಕಸದ ಗಾಡಿ, ಪಕ್ಕದ ಮನೆಯ ನಾಯಿ, ಎಲ್ಲವನ್ನೂ ಗಡಿಯಾರ ನೋಡಿ ಬರೆದುಕೊಳ್ಳಿ. ಸೂರ್ಯ ಮುಳುಗುವ ಹೊತ್ತನ್ನೂ ಮರೆಯಬೇಡಿ. ಎಡಿನ್‌ಬರೋದಲ್ಲಿ ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಸೂರ್ಯ ಇರುತ್ತಾನೆ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರು ಮುಕ್ಕಾಲಿಗೆಲ್ಲ ಮುಳುಗಿಯಾಯಿತು. ಅಂಥ ಊರಲ್ಲಿ ಬೇಸಿಗೆಗೆ ಒಂದು ದಾರಿ, ಚಳಿಗಾಲಕ್ಕೆ ಇನ್ನೊಂದು ದಾರಿ ಬೇಕು. ಬೇಸಿಗೆಯ ದಾರಿಯಲ್ಲಿ ನೆಲಮಾಳಿಗೆಗಳನ್ನು ಜಾಸ್ತಿ ಇಟ್ಟುಕೊಳ್ಳಿ.

5. ಅನುಮತಿ

ಬೇಸರದ ವಿಷಯ, ಬೇಗ ಮುಗಿಸೋಣ. ಸಾರ್ವಜನಿಕ ಬೀದಿಯಲ್ಲೂ ಗೈಡ್‌ಗೆ ಲೈಸೆನ್ಸ್ ಬೇಕಾ, ಗುಂಪಿಗೆ ಮಿತಿ ಇದೆಯಾ ಅಂತ ಆ ಊರಿನ ಆಡಳಿತವನ್ನು ಕೇಳಿ. ಖಾಸಗಿ ಅಂಗಳ, ಚರ್ಚು, ಸ್ಮಶಾನ ಆದರೆ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನ್ಯೂ ಆರ್ಲಿಯನ್ಸ್‌ನ ಸೇಂಟ್ ಲೂಯಿಸ್ ನಂಬರ್ 1 ಸ್ಮಶಾನ ಮೊದಲು ಎಲ್ಲರಿಗೂ ತೆರೆದಿತ್ತು. ಗೋರಿಗಳನ್ನು ಹಾಳು ಮಾಡುವುದು ಹೆಚ್ಚಾಗಿ, 2015ರಿಂದ ಪರವಾನಗಿ ಇರುವ ಗೈಡ್ ಜೊತೆಗಷ್ಟೇ ಒಳಗೆ ಬಿಡಲು ಶುರು ಮಾಡಿದರು. ಅಲ್ಲಿ ಮಣ್ಣಾದವರ ಕುಟುಂಬದವರಿಗೆ ಮಾತ್ರ ವಿನಾಯಿತಿ. ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲೂ ಕವೆನೆಂಟರ್ಸ್ ಸೆರೆಮನೆ ಎಂಬ ಭಾಗಕ್ಕೆ ಬೀಗ ಇದೆ, ಟೂರ್ ಜೊತೆ ಹೋದರೆ ಬಾಗಿಲು ತೆರೆಯುತ್ತದೆ. ಬೀಗದ ಸದ್ದು ಕೂಡ ಕಥೆಗೆ ಒಳ್ಳೆಯದೇ ಅನ್ನಿ.

ಅಕ್ಕಪಕ್ಕದ ಮನೆಯವರನ್ನು ಮೊದಲೇ ಹೋಗಿ ಮಾತಾಡಿಸಿ. ವಾರಕ್ಕೆ ಮೂರು ರಾತ್ರಿ ತಮ್ಮ ಕಿಟಕಿ ಕೆಳಗೆ ಯಾರೋ ಕಿರುಚಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾನು ಹೀಗೆ ಮಾತಾಡಿಸಿದ ಒಬ್ಬ ಅಜ್ಜಿ ತಾವೇ ಹೊರಗೆ ಬಂದು, ತಮ್ಮ ಮನೆ ಹಿತ್ತಿಲ ಬಾಗಿಲಿನ ಕಥೆ ಹೇಳಿ ಹೋದರು. ಆಮೇಲೆ ಅದೇ ನನ್ನ ಐದನೇ ಸ್ಟಾಪ್ ಆಯಿತು.

6. ಕಥೆ ಕಟ್ಟುವುದು: ಒಂದನ್ನು ಬಿಚ್ಚಿ ನೋಡೋಣ

ಯಾರ್ಕ್‌ನಲ್ಲಿ ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿನ ಹಿಂದೆ ಟ್ರೆಷರರ್ಸ್ ಹೌಸ್ ಅಂತ ಒಂದು ಮನೆ ಇದೆ. 1953ರಲ್ಲಿ ಹ್ಯಾರಿ ಮಾರ್ಟಿಂಡೇಲ್ ಎಂಬ ಹದಿನೆಂಟರ ಹುಡುಗ ಅದರ ನೆಲಮಾಳಿಗೆಯಲ್ಲಿ ಏಣಿ ಹತ್ತಿ ಕೆಲಸ ಮಾಡುತ್ತಿದ್ದ. ಬಿಸಿ ನೀರಿನ ಪೈಪ್ ಹಾಕುವ ಕೆಲಸ, ಇನ್ನೂ ಕಲಿಯುತ್ತಿದ್ದ. ದೂರದಲ್ಲಿ ಕಹಳೆ ಕೇಳಿಸಿತು. ಮೇಲಿನ ಮನೆಯಲ್ಲಿ ರೇಡಿಯೋ ಇರಬೇಕು ಅಂದುಕೊಂಡ. ಸದ್ದು ಹತ್ತಿರ ಬಂತು. ಗೋಡೆಯೊಳಗಿಂದ ಒಬ್ಬ ಸೈನಿಕ ಹೊರಬಂದ, ಹಿಂದೆ ಒಂದು ಕುದುರೆ, ಅದರ ಹಿಂದೆ ಇಬ್ಬಿಬ್ಬರಾಗಿ ಸೋತು ಸುಣ್ಣವಾದ ರೋಮನ್ ಸೈನಿಕರು. ಹುಡುಗ ಏಣಿಯಿಂದ ಬಿದ್ದು ಮೂಲೆ ಸೇರಿಕೊಂಡ. ಅವರು ಅವನ ಕಡೆ ನೋಡಲೂ ಇಲ್ಲ. ಅವರಿಗೆಲ್ಲ ಮೊಣಕಾಲಿನಿಂದ ಕೆಳಗೆ ಏನೂ ಇರಲಿಲ್ಲ. ನೆಲ ಅಗೆದಿದ್ದ ಜಾಗಕ್ಕೆ ಬಂದಾಗ ಮಾತ್ರ ಪಾದ ಕಂಡವು. ಹಳೇ ರೋಮನ್ ರಸ್ತೆ ನೆಲಮಾಳಿಗೆಯ ನೆಲಕ್ಕಿಂತ ಕೆಳಗಿತ್ತು, ಅಗೆದಿದ್ದು ಅದೇ ರಸ್ತೆಯನ್ನು. ಮೇಲಕ್ಕೆ ಓಡಿಬಂದ ಅವನ ಮುಖ ನೋಡಿಯೇ ಅಲ್ಲಿದ್ದ ಮುದುಕ, ‘ರೋಮನ್ನರನ್ನು ನೋಡಿದೆ ಅಲ್ವಾ?’ ಅಂದನಂತೆ. ಹ್ಯಾರಿ ಮುಂದೆ ಪೊಲೀಸ್ ಆದ. ಈ ಕಥೆಯನ್ನು ಊರೆದುರು ಹೇಳಿದ್ದು 1970ರ ದಶಕದಲ್ಲಿ.

ಇದು ಅರ್ಧ ಶತಮಾನದಿಂದ ಯಾಕೆ ಸವೆದಿಲ್ಲ? ಮೊಣಕಾಲು. ರಕ್ತ ಇಲ್ಲ, ಕಿರುಚಾಟ ಇಲ್ಲ, ಸೈನಿಕರು ಯಾರಿಗೂ ಏನೂ ಮಾಡುವುದಿಲ್ಲ. ಕಾಲು ಕಾಣದಿರುವುದು ಮೊದಲು ಬರೀ ವಿಚಿತ್ರ ಅನಿಸುತ್ತದೆ, ರಸ್ತೆ ಕೆಳಗಿತ್ತು ಅಂತ ಗೊತ್ತಾದ ಕ್ಷಣ ಬೆನ್ನಲ್ಲಿ ಚಳಿ. ಯಾರ್ಕ್ ಕ್ರಿ.ಶ. 71ರಲ್ಲಿ ರೋಮನ್ನರು ಕಟ್ಟಿದ ಎಬೊರಾಕಂ ಎಂಬ ಕೋಟೆ ಆಗಿತ್ತು ಅನ್ನುವ ಪಾಠದ ಸಾಲು ಇಲ್ಲಿ ಕೇಳುವವರ ಕಾಲಡಿಗೇ ಬಂದುಬಿಡುತ್ತದೆ.

ಹೇಳುವಾಗ ಕ್ರಮ ಕೆಡಿಸಬೇಡಿ. ಮೊದಲು ‘ನೀವು ನಿಂತಿರುವುದರ ಕೆಳಗೆ ಏನಿದೆ’ ಅಂತ ಒಂದೇ ಸಾಲು ಹೇಳಿ, ಬಿಟ್ಟುಬಿಡಿ. ಆಮೇಲೆ ಹುಡುಗ, ಏಣಿ, ರೇಡಿಯೋ ಎನ್ನುವ ದಿನನಿತ್ಯದ ಸಂಗತಿಗಳು. ರೇಡಿಯೋ ಮುಖ್ಯ, ಅದು ಅವನನ್ನು ನಮ್ಮ ಹಾಗೆ ಮಾಮೂಲಿ ಮನುಷ್ಯ ಮಾಡುತ್ತದೆ. ನಂತರ ಸೈನಿಕರು. ಮೊಣಕಾಲು ಹೇಳಿದ ಮೇಲೆ ಉಸಿರು ತೆಗೆದುಕೊಳ್ಳಿ. ಕೊನೆಗೆ ರಸ್ತೆ. ರಸ್ತೆಯ ಮಾತಿನ ನಂತರ ವಿವರಣೆ ಬೇಡವೇ ಬೇಡ. ‘ಅಂದರೆ ಇದರ ಅರ್ಥ ಏನೆಂದರೆ’ ಅಂತ ಶುರು ಮಾಡಿದಿರೋ, ಕೆಟ್ಟಿತು.

ನಿಮ್ಮ ಊರಿನ ಪ್ರತಿ ಕಥೆಯಲ್ಲೂ ಒಂದು ‘ಮೊಣಕಾಲು’ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಆ ಕಥೆಯನ್ನು ಬದಿಗಿಡಿ.

7. ದನಿ, ಬೆಳಕು, ನಿಲ್ಲುವ ಜಾಗ

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಮಾತು ಗೋಡೆಗೆ ತಾಗಿ ಗುಂಪಿನ ಕಡೆಗೇ ಬರುತ್ತದೆ. ಒಂದು ಮೆಟ್ಟಿಲು ಎತ್ತರ ಸಿಕ್ಕರೆ ಇನ್ನೂ ಒಳ್ಳೆಯದು. ಬೀದಿಯ ಕಡೆ ಜನರ ಬೆನ್ನಿರಲಿ, ಇಲ್ಲದಿದ್ದರೆ ಹೋಗುವ ಬರುವ ಕಾರುಗಳನ್ನೇ ನೋಡುತ್ತಾರೆ. ಕಿಟಕಿಯೊಂದನ್ನು ತೋರಿಸಬೇಕಿದ್ದರೆ ಅದು ನಿಮ್ಮ ಹಿಂದೆ, ಸ್ವಲ್ಪ ಮೇಲೆ ಇರುವ ಹಾಗೆ ನಿಂತುಕೊಳ್ಳಿ. ಕಥೆ ಅರ್ಧ ಆಗುವ ತನಕ ಅದರ ಕಡೆ ಕೈ ಮಾಡಬೇಡಿ.

ಕೂಗಬೇಡಿ. ಮೊದಲ ಸ್ಟಾಪ್‌ನಲ್ಲಿ ಜೋರಾಗಿ ಮಾತಾಡಿ, ಆಮೇಲಾಮೇಲೆ ತಗ್ಗಿಸುತ್ತ ಬನ್ನಿ. ಕೇಳಿಸಿಕೊಳ್ಳಲು ಅವರೇ ಹತ್ತಿರ ಬರುತ್ತಾರೆ. ಇಪ್ಪತ್ತಕ್ಕಿಂತ ಜಾಸ್ತಿ ಜನ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ನ್ಯೂ ಆರ್ಲಿಯನ್ಸ್‌ನ ನಿಯಮದಲ್ಲಿ ಗುಂಪಿಗೆ 28 ಜನರ ಮಿತಿ ಇಟ್ಟಿದ್ದಾರೆ. ನನ್ನ ಕೇಳಿದರೆ ಅದೂ ಜಾಸ್ತಿಯೇ, ಹದಿನೈದು ಹಿತ.

ಬಿಳಿ ಟಾರ್ಚು ಒಮ್ಮೆ ಮುಖಕ್ಕೆ ಬಿದ್ದರೆ ಅರ್ಧ ಗಂಟೆ ಕಷ್ಟಪಟ್ಟು ಹೊಂದಿಕೊಂಡ ಕಣ್ಣು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮಂದವಾದ ಕೆಂಪು ಬೆಳಕಿನಲ್ಲಿ ಆ ತೊಂದರೆ ಕಡಿಮೆ, ಅಂಥ ಟಾರ್ಚನ್ನೇ ಇಟ್ಟುಕೊಳ್ಳಿ. ಬಿಳಿಯದ್ದು ಒಂದು ಜೇಬಿನಲ್ಲಿರಲಿ, ಯಾರಾದರೂ ಎಡವಿದಾಗ ಬೇಕು.

ಅಂದ ಹಾಗೆ, ಆ ಸೆನ್ಸರ್ ಲೈಟಿನ ಅಂಗಳವನ್ನು ನಾನು ಬಿಡಲಿಲ್ಲ. ಲೈಟು ಎಲ್ಲಿಂದ ನಮ್ಮನ್ನು ಹಿಡಿಯುತ್ತದೆ ಅಂತ ಹೆಜ್ಜೆ ಎಣಿಸಿಕೊಂಡೆ. ಈಗ ಎರಡು ಹೆಜ್ಜೆ ಹಿಂದೆಯೇ ಎಲ್ಲರನ್ನೂ ನಿಲ್ಲಿಸುತ್ತೇನೆ. ಕತ್ತಲಲ್ಲೇ ಪೂರ್ತಿ ಕಥೆ. ಕೊನೇ ಮಾತು ಆಡಿ, ಏನೂ ಗೊತ್ತಿಲ್ಲದವನ ಹಾಗೆ ನಾನು ಮುಂದಕ್ಕೆ ನಡೆಯುತ್ತೇನೆ. ಲೈಟು ತನ್ನ ಕೆಲಸ ಮಾಡುತ್ತದೆ. ಮೈಮೇಲೆ ಹಾರುವ ವೇಷದವನಿಗೆ ಕೊಡಬೇಕಿದ್ದ ಸಂಬಳ ಉಳಿಯಿತು.

8. ಗುಂಪಿನಲ್ಲಿ ಇರುವವರು

ಪ್ರತಿ ಗುಂಪಿನಲ್ಲೂ ‘ಇದೆಲ್ಲ ಸುಳ್ಳು’ ಎನ್ನುವ ಒಬ್ಬರು ಇರುತ್ತಾರೆ. ಅವರ ಜೊತೆ ವಾದ ಬೇಡ. ‘ನಿಮ್ಮ ಮಾತು ಸರಿ ಇರಬಹುದು. ಈ ಮನೆಯಲ್ಲಿ ಹಾಗಂದವರ ಕಥೆ ಮುಂದಿನ ಸ್ಟಾಪ್‌ನಲ್ಲಿದೆ’ ಅನ್ನಿ, ಸಾಕು. ಕುಡಿದು ಬಂದವರು ಇನ್ನೊಂದು ಬಗೆ. ಮೊದಲ ಐದು ನಿಮಿಷದಲ್ಲೇ ನಗುತ್ತ ಪಕ್ಕಕ್ಕೆ ಕರೆದು, ದುಡ್ಡು ವಾಪಸ್ ಕೊಟ್ಟು ಕಳಿಸಿಬಿಡಿ. ಕಳಿಸದೆ ಇಡೀ ವಾಕ್ ಹಾಳಾದ ರಾತ್ರಿಗಳು ನನ್ನ ಲೆಕ್ಕದಲ್ಲಿವೆ.

ಮಕ್ಕಳು ಬಂದರೆ ಶುರುವಿನಲ್ಲೇ ತಂದೆತಾಯಿಗೆ ಎಷ್ಟು ಭಯಂಕರ ಅಂತ ನೇರವಾಗಿ ಹೇಳಿ. ಒಂದು ಮಗು ನಿಜವಾಗಿ ಹೆದರಿದರೆ ಪಾತ್ರದಿಂದ ಹೊರಬನ್ನಿ, ಮಾಮೂಲಿ ದನಿಯಲ್ಲಿ ಮಾತಾಡಿಸಿ, ಕೈಗೆ ಕೆಂಪು ಟಾರ್ಚ್ ಕೊಟ್ಟು ‘ನೀನು ನನ್ನ ಅಸಿಸ್ಟೆಂಟ್’ ಅನ್ನಿ. ಹತ್ತರಲ್ಲಿ ಒಂಬತ್ತು ಸಲ ಆ ಮಗುವೇ ಕೊನೆಗೆ ಎಲ್ಲರಿಗಿಂತ ಮುಂದೆ ನಡೆಯುತ್ತಿರುತ್ತದೆ.

ಯಾರೋ ಒಬ್ಬರು ಫೋಟೋದಲ್ಲಿ ಬಿಳಿ ಗುಂಡು ಗುಂಡು ಚುಕ್ಕೆ ತೋರಿಸಿ ‘ಇದು ಆತ್ಮನಾ?’ ಅಂತ ಕೇಳೇ ಕೇಳುತ್ತಾರೆ. ಕ್ಯಾಮೆರಾದ ಎದುರಿಗೇ ತೇಲುವ ಧೂಳು, ಮಳೆಹನಿಗೆ ಫ್ಲ್ಯಾಶ್ ಬಿದ್ದಾಗ ಹಾಗೆ ಬರುತ್ತದೆ. ಹೇಳಿ, ಆದರೆ ಎಲ್ಲರ ಎದುರು ಅವರನ್ನು ಪೆದ್ದು ಮಾಡಬೇಡಿ.

9. ಯಾರಿಗೂ ಏನೂ ಆಗದ ಹಾಗೆ

ಮೆಟ್ಟಿಲಿಗೆ ಮೊದಲು ನಿಂತು, ಎಷ್ಟು ಮೆಟ್ಟಿಲಿದೆ ಅಂತ ಮಾಮೂಲಿ ದನಿಯಲ್ಲಿ ಹೇಳಿ. ದೆವ್ವದ ದನಿಯಲ್ಲಿ ಹೇಳಿದರೆ ಕಥೆ ಅಂದುಕೊಂಡು ಎಡವುತ್ತಾರೆ. ಇದು ಆಗಿದೆ. ಮೆಟ್ಟಿಲ ಹತ್ತಿರ, ನೀರಿನ ಹತ್ತಿರ, ರಸ್ತೆ ಬದಿಯಲ್ಲಿ ಯಾರನ್ನೂ ಬೆಚ್ಚಿಬೀಳಿಸಬೇಡಿ. ಗುಂಪಿನ ಕೊನೆಯಲ್ಲಿ ನಡೆಯಲು ಒಬ್ಬ ಜೊತೆಗಾರ ಇರಲಿ. ನಡೆಯಲು ಕಷ್ಟ ಇರುವವರಿಗೆ ದಾರಿ ಹೇಗಿದೆ ಅಂತ ಟಿಕೆಟ್ ಕೊಡುವಾಗಲೇ ತಿಳಿಸಿ.

ನೆಲಮಾಳಿಗೆ, ಸುರಂಗಗಳಿಗೆ ಇಳಿಸುವುದಾದರೆ ಗಾಳಿ ಓಡಾಡುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. 1921ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ವಿಷಯ ಬಂದಿತ್ತು. ಹೊಸ ಮನೆಗೆ ಹೋದ ಮೇಲೆ ಹೆಜ್ಜೆ ಸಪ್ಪಳ, ಆಕೃತಿಗಳು, ತಲೆನೋವು. ಕೊನೆಗೆ ನೋಡಿದರೆ ಕೆಟ್ಟುಹೋದ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಮನೆ ತುಂಬುತ್ತಿತ್ತು! ಮುಚ್ಚಿದ ಜಾಗದಲ್ಲಿ ಯಾರಿಗಾದರೂ ತಲೆ ಸುತ್ತು ಅಂದರೆ ‘ಇಲ್ಲಿ ಎಲ್ಲರಿಗೂ ಹಾಗೇ ಆಗುತ್ತದೆ’ ಅಂತ ಕಥೆ ಕಟ್ಟಬೇಡಿ, ಹೊರಗೆ ಕರೆದುಕೊಂಡು ಬನ್ನಿ.

10. ಮುಗಿಸುವುದು

ಕೊನೆಯ ಕಥೆ ಕತ್ತಲಲ್ಲಿ ಆಗಲಿ, ವಾಕ್ ಮಾತ್ರ ಬೆಳಕಿನಲ್ಲಿ ಮುಗಿಯಲಿ. ಬಸ್ಸೋ ರೈಲೋ ಸಿಗುವ ಜಾಗಕ್ಕೆ ಕರೆತಂದು ತಲೆ ಎಣಿಸಿ. ಶುರುವಿನಲ್ಲಿ ಎಣಿಸಿದ್ದು, ಮಧ್ಯದಲ್ಲಿ ಎಣಿಸಿದ್ದು, ಕೊನೆಯದು, ಮೂರೂ ಒಂದೇ ಆಗಬೇಕು. ಹೊಸ ಗೈಡ್ ಒಬ್ಬರು ಒಮ್ಮೆ ಕೊನೆಯಲ್ಲಿ ಎಣಿಸಿ ಒಬ್ಬರು ಜಾಸ್ತಿ ಇದ್ದಾರೆ ಅಂತ ಬೆವರಿದ್ದರು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಕಥೆ ಚೆನ್ನಾಗಿದೆ ಅಂತ ಟಿಕೆಟ್ ಇಲ್ಲದೆ ಸೇರಿಕೊಂಡಿದ್ದರು, ಅಷ್ಟೇ.

ಎಲ್ಲರೂ ಹೋದ ಮೇಲೂ ಹತ್ತು ನಿಮಿಷ ಅಲ್ಲೇ ನಿಲ್ಲಿ. ಗುಂಪಿನ ಎದುರು ಬಾಯಿ ಬಿಡದ ಒಬ್ಬರು ವಾಪಸ್ ಬಂದು, ‘ನಾನು ನಂಬುವುದಿಲ್ಲ, ಆದರೆ ನಮ್ಮ ಮನೆಯಲ್ಲಿ ಒಂದು ಸಲ’ ಅಂತ ಶುರು ಮಾಡುತ್ತಾರೆ. ನಡುವೆ ಬಾಯಿ ಹಾಕದೆ ಕೇಳಿ. ಮನೆಗೆ ಹೋಗಿ ನೋಟ್‌ಬುಕ್ಕಿನ ಎರಡನೇ ಭಾಗದಲ್ಲಿ ಬರೆದಿಡಿ, ಹೆಸರು ಬೇಡ.